ಬೇಲಿಯೇ ಬೇಲಿಯನ್ನು ಮೇಯ್ದರೆ?

ಓದುಗರ ಪ್ರಶ್ನೆ, ಬೆಳೆ ಸಲಹೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪರಭಕ್ಷಕ ನುಸಿಯ ಬಗ್ಗೆಯೇ ಇವೆ. ಉತ್ತರಕ್ಕೆ ಇಳಿಯುವ ಮುನ್ನ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ನಮ್ಮ ಕಡೆ ಥ್ರಿಪ್ಸ್‌ಗೂ ನುಸಿ ಅನ್ನುತ್ತೇವೆ, ಮೈಟ್‌ಗೂ ನುಸಿ ಅನ್ನುತ್ತೇವೆ. ಅಂಗಡಿಯಲ್ಲಿ ‘ನುಸಿಗೆ ಔಷಧ ಕೊಡ್ರಿ’ ಎಂದು ಕೇಳಿ ತಂದ ಡಬ್ಬಿ ಎಷ್ಟೋ ಸಲ ಕೆಲಸ ಮಾಡದಿರುವುದಕ್ಕೆ ಇದೂ ಒಂದು ಕಾರಣ. ಥ್ರಿಪ್ಸ್ ಆರು ಕಾಲಿನ ಕೀಟ. ಮೈಟ್ ಹೆಚ್ಚಾಗಿ ಎಂಟು ಕಾಲಿನದು, ಜೇಡ ಮತ್ತು ಉಣ್ಣೆಗಳ ಬಳಗಕ್ಕೆ ಸೇರಿದ್ದು. ಇಲ್ಲಿ ಬರೀ ‘ನುಸಿ’ ಎಂದಲ್ಲೆಲ್ಲ ಮೈಟ್ ಎಂದೇ ಓದಿಕೊಳ್ಳಿ. ಎಲೆಯ ರಸ ಹೀರುವುದು ಕೆಂಪು ನುಸಿ, ಆ ಕೆಂಪು ನುಸಿಯನ್ನು ಹೀರುವುದು ಪರಭಕ್ಷಕ ನುಸಿ.

ಪ್ರಶ್ನೆ: ಹತ್ತು ಗುಂಟೆ ಪಾಲಿಹೌಸ್‌ದಾಗ ದೊಣ್ಣೆ ಮೆಣಸಿನಕಾಯಿ ಹಾಕೀವಿ. ಕೆಂಪು ನುಸಿಗಂತ ಪರಭಕ್ಷಕ ನುಸಿ ತರಿಸಿ ಬಿಟ್ಟೀವಿ. ಮೂರು ವಾರದಾಗ ಕೆಂಪು ನುಸಿ ಭಾಳ ಕಡಿಮಿ ಆತು. ಆಮ್ಯಾಲ ಲೆನ್ಸ್ ಹಿಡದು ನೋಡಿದ್ರ ಪರಭಕ್ಷಕ ನುಸಿ ತನ್ನ ಜಾತಿ ಮರೀನೇ ಹಿಡದು ಹೀರಲಿಕತ್ತಿತ್ತು. ಬೇಲಿನೇ ಎದ್ದು ಹೊಲ ಮೇದಂಗ ಆತಲ್ರಿ? ತಂದ ಮಾಲೇ ಕೆಟ್ಟದ್ದೇನು?
— ಹುಮನಾಬಾದ್ ತಾಲೂಕಿನ ಓದುಗರು

ಉತ್ತರ: ಮಾಲು ಕೆಟ್ಟಿಲ್ಲ, ನೀವು ಕಂಡದ್ದೂ ಸುಳ್ಳಲ್ಲ. ಬೇಲಿ ಇಲ್ಲಿ ಹೊಲ ಮೇಯುತ್ತಿಲ್ಲ, ಬೇಲಿಯನ್ನೇ ಮೇಯುತ್ತಿದೆ, ಅಷ್ಟೇ ವ್ಯತ್ಯಾಸ. ಫೈಟೋಸೀಡ್ ಕುಟುಂಬದ ಈ ನುಸಿಗಳಲ್ಲಿ ತನ್ನ ಜಾತಿಯ ಮರಿ, ಮೊಟ್ಟೆ ತಿನ್ನುವುದು ಹೊಸದೇನಲ್ಲ.

ಲೆನ್ಸ್ ಅಡಿ ಅದು ನಡೆಯುವ ರೀತಿ ಹೀಗೆ. ಪರಭಕ್ಷಕ ನುಸಿಗೆ ಕಣ್ಣಿಲ್ಲ. ಮುಂಗಾಲೆರಡನ್ನು ಕುರುಡರು ಕೋಲು ಆಡಿಸಿದ ಹಾಗೆ ಮುಂದೆ ಚಾಚಿ, ಎಲೆಯನ್ನು ತಡವುತ್ತ ಓಡುತ್ತದೆ. ಎದುರಿಗೆ ತನ್ನ ಜಾತಿಯ ಎಳೆಮರಿ (ಮೈಟ್‌ನ ಎಳೆಮರಿಗೆ ಆರೇ ಕಾಲು) ಸಿಕ್ಕರೆ ಎರಡು ಮೂರು ಸಲ ತಟ್ಟಿ ನೋಡುತ್ತದೆ. ಹೊಟ್ಟೆ ತುಂಬಿದ್ದರೆ ದಾಟಿ ಹೋಗುತ್ತದೆ. ಹಸಿದಿದ್ದರೆ ಅಲ್ಲೇ ನಿಂತು ಬಾಯಿಯ ಚಿಮುಟ ಚುಚ್ಚಿ ಹೀರುತ್ತದೆ. ಕೊನೆಗೆ ಉಳಿಯುವುದು ಎಲೆಗೆ ಅಂಟಿದ ಬಿಳಿ ಸಿಪ್ಪೆ ಮಾತ್ರ. ತಿನ್ನುವುದು ಹೆಚ್ಚಾಗಿ ಬೆಳೆದ ಹೆಣ್ಣು. ಎಳೆಮರಿಗೆ ಓಡಲು ಬಲವಿಲ್ಲ, ಹಾಗಾಗಿ ಮೊದಲ ಬಲಿ ಅದೇ. ಮೊಟ್ಟೆ, ಸ್ವಲ್ಪ ಬಲಿತ ಮರಿಗಳ ಸರದಿ ಆಮೇಲೆ.

ಇವಕ್ಕೆ ತಮ್ಮವರ ಗುರುತೂ ಇದೆ ಎಂದರೆ ನಂಬುವುದು ಕಷ್ಟ. ವಿಯೆನ್ನಾದ ವಿಜ್ಞಾನಿ ಪೀಟರ್ ಶಾಸ್‌ಬರ್ಗರ್ ಈ ಕುರಿತು ವರ್ಷಗಟ್ಟಲೆ ಪ್ರಯೋಗ ಮಾಡಿದ್ದಾರೆ. ಫೈಟೊಸಿಯುಲಸ್ ಪರ್ಸಿಮಿಲಿಸ್ ಎಂಬ ಜಾತಿ ಜೊತೆಗೆ ಬೆಳೆದವನ್ನು ಬಿಟ್ಟು ಪರಕೀಯ ಮರಿಗಳನ್ನು ಆರಿಸಿ ತಿನ್ನುತ್ತದೆ ಎಂಬುದು ಅವುಗಳಿಂದ ತಿಳಿದದ್ದು. ಹಸಿವು ಜಾಸ್ತಿಯಾದರೆ ಈ ಬಳಗದ ಲೆಕ್ಕವೂ ಸಡಿಲವಾಗುತ್ತದೆ.

ನಿಮ್ಮ ಪಾಲಿಹೌಸ್‌ನಲ್ಲಿ ಆಗಿರುವುದು ಕೆಲಸ ಮುಗಿದ ಮೇಲಿನ ಹಸಿವು. ಈಗ ಗಾಬರಿಯಾಗಿ ಇನ್ನೊಂದು ಬಾಟಲಿ ತಂದು ಸುರಿದರೆ ಹಸಿದವರ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ಮೊದಲು ಎಣಿಸಿ. 20 ಗಿಡ ಆರಿಸಿ, ಗಿಡಕ್ಕೆ ಮೇಲೊಂದು, ನಡುವೊಂದು, ಕೆಳಗೊಂದು ಎಲೆಯ ಹಿಂಬದಿ ನೋಡಿ. 60 ಎಲೆಗಳಲ್ಲಿ ಕೆಂಪು ನುಸಿ ಎಲೆಗೊಂದಕ್ಕಿಂತ ಕಡಿಮೆ ಇದ್ದು, ಪರಭಕ್ಷಕ ಅಲ್ಲಲ್ಲಿ ಓಡಾಡುತ್ತಿದ್ದರೆ ಸುಮ್ಮನಿರಿ, ವಾರಕ್ಕೊಮ್ಮೆ ನೋಡುತ್ತಿರಿ. ತಮ್ಮ ಮರಿ ತಿಂದು ಬದುಕುಳಿದ ನಾಲ್ಕಾರು ಹೆಣ್ಣುಗಳೇ ಮುಂದೆ ಕೆಂಪು ನುಸಿ ಮತ್ತೆ ತಲೆ ಎತ್ತಿದಾಗ ಕೆಲಸಕ್ಕೆ ಬರುತ್ತವೆ. ಆ ಮಟ್ಟಿಗೆ ಈ ತಿನ್ನುವಿಕೆ ನಿಮಗೆ ಲಾಭವೇ.

ಎಣಿಸುವಾಗ ಮೊಟ್ಟೆ ಅದಲು ಬದಲಾಗದಿರಲಿ. ಕೆಂಪು ನುಸಿಯ ಮೊಟ್ಟೆ ದುಂಡಗೆ, ನೀರಹನಿಯಂತೆ ತಿಳಿಯಾಗಿರುತ್ತದೆ. ಪರಭಕ್ಷಕದ್ದು ಉದ್ದುದ್ದ, ಅದಕ್ಕಿಂತ ದೊಡ್ಡದು, ಹಾಲುಬಿಳುಪು ಅಥವಾ ತುಸು ಗುಲಾಬಿ ಛಾಯೆ, ಹೆಚ್ಚಾಗಿ ನರದ ಪಕ್ಕದಲ್ಲಿ. ದೊಡ್ಡವನ್ನು ಗುರುತಿಸುವುದು ಸುಲಭ: ಕೆಂಪು ನುಸಿ ಮೈಮೇಲೆ ಎರಡು ಕಪ್ಪು ಮಚ್ಚೆ ಹೊತ್ತು ನಿಧಾನ ಹರಿಯುತ್ತದೆ, ಪರಭಕ್ಷಕ ಪೇರಲಕಾಯಿ ಆಕಾರದ ಹೊಳಪು ಮೈ, ಉದ್ದ ಕಾಲು, ಒಂದು ಕಡೆ ನಿಲ್ಲದ ಓಟ. 10 ಪಟ್ಟಿನ ಲೆನ್ಸ್‌ನಲ್ಲಿ ದೊಡ್ಡವು ಕಾಣುತ್ತವೆ, ಮೊಟ್ಟೆಗೆ 20 ಪಟ್ಟಿನದೇ ಬೇಕು.

ಮುಂದಿನ ಸಲಕ್ಕೆ ಪ್ರಮಾಣದ ಲೆಕ್ಕ ಹೇಳುತ್ತೇವೆ. ನುಸಿ ಕಂಡ ಜಾಗ ಮೂರು, ಒಂದೊಂದರಲ್ಲಿ 15 ಗಿಡ ಎಂದಿಟ್ಟುಕೊಳ್ಳಿ. ಗಿಡಕ್ಕೆ ನುಸಿ ಹತ್ತಿದ ಎಲೆ 10, ಎಲೆಗೆ 15 ನುಸಿ ಇದ್ದರೆ ಗಿಡಕ್ಕೆ 150, ಆ 45 ಗಿಡಗಳಿಗೆ 6,750. ಹತ್ತಕ್ಕೊಂದರಂತೆ ಪರಭಕ್ಷಕ 700 ಸಾಕು. ಉಳಿದ ಗಿಡಗಳಿಗೆ ಗಿಡಕ್ಕೆ ಎರಡರಂತೆ ಉದುರಿಸಿದರೆ ಆಯಿತು. ಇಡೀ ಬಾಟಲಿಯನ್ನು ಸಾಲಿನುದ್ದಕ್ಕೂ ಸಮ ಹಂಚುವವರೇ ಹೆಚ್ಚು. ಆಗ ಊಟ ಇರುವಲ್ಲಿ ಕೈ ಕಡಿಮೆ, ಊಟ ಇಲ್ಲದಲ್ಲಿ ಪಂಕ್ತಿ ಉದ್ದ. ಆ ಪಂಕ್ತಿಯವರೇ ಒಬ್ಬರನ್ನೊಬ್ಬರು ತಿನ್ನುವುದು.

ಪ್ರಶ್ನೆ: ಪರಭಕ್ಷಕ ನುಸಿಯ ಬಾಟಲಿ ಬಸ್ಸಿನ ಪಾರ್ಸೆಲ್‌ನಲ್ಲಿ ಬಂತು. ಬಂದ ದಿನ ತುಂಬಾ ಓಡಾಡುತ್ತಿದ್ದವು. ಕೂಲಿಯವರು ಸಿಗದ್ದಕ್ಕೆ ಮನೆಯ ಫ್ರಿಜ್‌ನಲ್ಲಿಟ್ಟು ಮೂರನೇ ದಿನ ತೆಗೆದರೆ ಅರ್ಧವೂ ಇಲ್ಲ. ಮಾರಿದವರು ‘ಒಂದನ್ನೊಂದು ತಿಂದಿವೆ’ ಎನ್ನುತ್ತಾರೆ. ನಂಬುವುದೇ?
— ಭಾಲ್ಕಿಯ ಓದುಗರು

ಉತ್ತರ: ಅರ್ಧ ನಂಬಬಹುದು. ಇಂಥ ಬಾಟಲಿಯಲ್ಲಿ ಇರುವುದು ವರ್ಮಿಕ್ಯುಲೈಟ್ ಅಥವಾ ತೌಡಿನಂಥ ತುಂಬುಪದಾರ್ಥ ಮತ್ತು ಹಸಿದ ನುಸಿ, ಊಟವಿಲ್ಲ. ಬಿಟ್ಟ ಕೂಡಲೇ ಬೇಟೆಗೆ ಬೀಳಲಿ ಎಂದೇ ಹಾಗೆ ತುಂಬುತ್ತಾರೆ. ಬೆಚ್ಚಗಿದ್ದಷ್ಟೂ ಅವು ಚುರುಕು, ಚುರುಕಾದಷ್ಟೂ ಹಸಿವು, ಹಸಿವಾದಷ್ಟೂ ಪಕ್ಕದವನ ಮೇಲೆ ಕಣ್ಣು (ಕಣ್ಣಿಲ್ಲದಿದ್ದರೂ!). ಅದಕ್ಕೇ ಬಂದ ದಿನವೇ ಬಿಡಬೇಕು. ತೀರಾ ಆಗದಿದ್ದರೆ 8ರಿಂದ 10 ಡಿಗ್ರಿಯಲ್ಲಿ, ಕತ್ತಲಲ್ಲಿ, ಬಾಟಲಿ ಮಲಗಿಸಿ, ಹೆಚ್ಚೆಂದರೆ ಒಂದು ದಿನ.

ಉಳಿದರ್ಧ ತಪ್ಪು ನಿಮ್ಮ ಫ್ರಿಜ್‌ನದು. ಮನೆಯ ಫ್ರಿಜ್ ಒಳಗೆ 4–5 ಡಿಗ್ರಿ ಇರುತ್ತದೆ, ಅಷ್ಟು ಚಳಿಯನ್ನು ಈ ನುಸಿ ಹೆಚ್ಚು ಹೊತ್ತು ತಡೆಯುವುದಿಲ್ಲ. ಹೊರತೆಗೆದಾಗ ಬಾಟಲಿಯ ಒಳಗೋಡೆಗೆ ಬೆವರು ಕಟ್ಟಿದರೆ ಆ ಹನಿಗಳಿಗೇ ಅಂಟಿ ಸಾಯುತ್ತವೆ. ಥರ್ಮೋಕೋಲ್ ಡಬ್ಬಿಯಲ್ಲಿ, ಬಟ್ಟೆ ಸುತ್ತಿದ ಐಸ್ ಪ್ಯಾಕ್ ಒಂದನ್ನು ಬಾಟಲಿಗೆ ತಾಗದಂತೆ ಇಟ್ಟುಕೊಳ್ಳುವುದು ಫ್ರಿಜ್‌ಗಿಂತ ವಾಸಿ.

ಮುಂದಿನ ಸಲ ವಾದಕ್ಕೆ ಹೋಗುವ ಬದಲು ಬಂದ ದಿನವೇ ಎಣಿಸಿಬಿಡಿ. 500 ಮಿಲಿ ಬಾಟಲಿಯಲ್ಲಿ 2,000 ನುಸಿ ಎಂದು ಬರೆದಿದ್ದರೆ ಮಿಲಿಗೆ 4, ಒಂದು ಚಮಚ 5 ಮಿಲಿಗೆ 20 ಬರಬೇಕು. ನುಸಿ ಮೇಲಕ್ಕೇರಿ ಮುಚ್ಚಳದ ಬಳಿ ಸೇರುವ ಸ್ವಭಾವದ್ದು. ಹಾಗಾಗಿ ಮುಚ್ಚಳ ತೆಗೆಯುವ ಮುನ್ನ ಬಾಟಲಿ ಅಡ್ಡ ಹಿಡಿದು ಮೆಲ್ಲಗೆ ಹತ್ತು ಹದಿನೈದು ಸಲ ಹೊರಳಿಸಿ, ಕುಲುಕಬೇಡಿ. ಬಿಳಿ ಹಾಳೆಯ ಮೇಲೆ 5 ಮಿಲಿಯಂತೆ ಐದು ಸಲ ಸುರಿದು ಓಡುವವನ್ನು ಎಣಿಸಿ, ಸರಾಸರಿಯನ್ನು 100ರಿಂದ ಗುಣಿಸಿ. ಸತ್ತವುಗಳನ್ನೂ ನೋಡಿ. ಮೈ ತುಂಬಿಕೊಂಡೇ ಸತ್ತಿದ್ದರೆ ಬಿಸಿಲು ಅಥವಾ ಚಳಿಯ ಹೊಡೆತ. ಮೈ ಬತ್ತಿ ಬರೀ ಸಿಪ್ಪೆ ಉಳಿದಿದ್ದರೆ ಪಕ್ಕದವರ ಊಟ. ಎಣಿಸುವಾಗ ವಿಡಿಯೊ ಮಾಡಿಟ್ಟುಕೊಂಡರೆ ಮಾರಿದವರ ಜತೆಗಿನ ಮಾತು ಚಿಕ್ಕದಾಗುತ್ತದೆ.

ಕಾಗದದ ಸಣ್ಣ ಚೀಲಗಳಲ್ಲಿ ಬರುವ ನುಸಿಯ ಲೆಕ್ಕ ಬೇರೆ. ಅದರೊಳಗೆ ತೌಡು, ತೌಡಿನಲ್ಲಿ ಬೆಳೆಯುವ ನಿರುಪದ್ರವಿ ನುಸಿ, ಅದನ್ನು ತಿಂದು ಮರಿ ಮಾಡುವ ಪರಭಕ್ಷಕ, ಮೂರೂ ಇರುತ್ತವೆ. ಊಟ ಒಳಗೇ ಇರುವುದರಿಂದ ಒಂದನ್ನೊಂದು ತಿನ್ನುವುದು ಕಡಿಮೆ. ಸೂಜಿಮೊನೆಯ ರಂಧ್ರದಿಂದ ನಾಲ್ಕಾರು ವಾರ ಹೊರಬರುತ್ತಲೇ ಇರುತ್ತವೆ. ಚೀಲ ಹರಿದು ಸುರಿಯಬಾರದು. ಎಲೆಗಳ ನೆರಳಿನಲ್ಲಿ ಟೊಂಗೆಗೆ ತೂಗಿಬಿಡಬೇಕು. ಬಿಸಿಲಿಗೆ ತೂಗಿದರೆ ತೌಡು ಒಣಗಿ ಒಳಗಿನ ಸಂಸಾರ ವಾರದಲ್ಲಿ ಮುಗಿಯುತ್ತದೆ.

ಪ್ರಶ್ನೆ: ಕೆಂಪು ನುಸಿಗೆ ಒಂದು ಜಾತಿ, ಥ್ರಿಪ್ಸ್‌ಗೆ ಇನ್ನೊಂದು ಜಾತಿ ಪರಭಕ್ಷಕ ನುಸಿ ಒಟ್ಟಿಗೇ ಬಿಟ್ಟರೆ ಎರಡು ಕೆಲಸ ಒಂದೇ ಖರ್ಚಿನಲ್ಲಿ ಆಗುವುದಿಲ್ಲವೇ?
— ಬೀದರ್‌ನ ಓದುಗರು

ಉತ್ತರ: ಈ ಸಂಚಿಕೆಯ ಅತ್ಯಂತ ಒಳ್ಳೆಯ ಪ್ರಶ್ನೆ ಇದು. ಉತ್ತರ: ಒಟ್ಟಿಗೆ ಬೇಡ, ಒಂದರ ಹಿಂದೆ ಒಂದು ಆಗಬಹುದು.

ಪರಭಕ್ಷಕ ನುಸಿಗಳಲ್ಲಿ ಎರಡು ಬಗೆಯ ಸ್ವಭಾವ. ಫೈಟೊಸಿಯುಲಸ್ ಪರ್ಸಿಮಿಲಿಸ್ ಬಲೆ ಕಟ್ಟುವ ಕೆಂಪು ನುಸಿಯನ್ನೇ ನಂಬಿ ಬದುಕುವಂಥದ್ದು. ನಮ್ಮ ದೇಶದಲ್ಲಿ ಸಹಜವಾಗಿಯೇ ಇರುವ ನಿಯೋಸಿಯುಲಸ್ ಲಾಂಗಿಸ್ಪೈನೋಸಸ್ ಅಷ್ಟು ಕಟ್ಟುನಿಟ್ಟಲ್ಲದಿದ್ದರೂ ಅದರ ಒಲವು ಕೆಂಪು ನುಸಿಯ ಕಡೆಗೇ. ಅಂಬ್ಲಿಸಿಯಸ್ ಸ್ವಿರ್ಸ್ಕಿ, ನಿಯೋಸಿಯುಲಸ್ ಕುಕುಮೆರಿಸ್ ಥರದವು ಸಿಕ್ಕಿದ್ದೆಲ್ಲ ತಿನ್ನುವ ಗುಂಪು: ಥ್ರಿಪ್ಸ್ ಮರಿ, ಬಿಳಿನೊಣದ ಮೊಟ್ಟೆ, ಹೂವಿನ ಪರಾಗ, ಕೊನೆಗೆ ಬೇರೆ ಪರಭಕ್ಷಕ ನುಸಿಯ ಮರಿ. ಈ ಎರಡನೇ ಗುಂಪಿನವು ಆಯ್ಕೆ ಇದ್ದಾಗ ತಮ್ಮ ಮರಿ ಬಿಟ್ಟು ಬೇರೆ ಜಾತಿಯದನ್ನೇ ಹಿಡಿಯುತ್ತವೆ. ಒಂದೇ ಎಲೆಯ ಮೇಲೆ ಇಬ್ಬರನ್ನೂ ಬಿಟ್ಟರೆ, ಕೆಂಪು ನುಸಿ ತೀರುತ್ತ ಬಂದಂತೆ ಮೊದಲನೆಯದು ಹಸಿವಿನಿಂದ ಸೊರಗುತ್ತದೆ, ಎರಡನೆಯದು ಪರಾಗ ತಿಂದುಕೊಂಡು ಗಟ್ಟಿಯಾಗಿ ಅದರ ಮರಿಗಳನ್ನೂ ಮುಗಿಸುತ್ತದೆ. ಹಣ ಎರಡಕ್ಕೂ ಕೊಟ್ಟಿರುತ್ತೀರಿ, ಉಳಿಯುವುದು ಒಂದೇ. ಮುಂದೆ ಕೆಂಪು ನುಸಿ ಮರುಕಳಿಸಿದಾಗ ಉಳಿದದ್ದರ ಕೈಲಿ ಅದು ಹತೋಟಿಗೆ ಬರುವುದಿಲ್ಲ. ಯಾಕೆಂದರೆ ದಟ್ಟ ಬಲೆಯೊಳಗೆ ನುಗ್ಗಲು ಅದಕ್ಕೆ ಬಾರದು.

ಆ ಬಲೆಯೇ ಇಲ್ಲಿ ಉಪಾಯವೂ ಹೌದು. ಪರ್ಸಿಮಿಲಿಸ್, ಲಾಂಗಿಸ್ಪೈನೋಸಸ್‌ಗಳ ಬೆನ್ನ ಮೇಲೆ ಉದ್ದನೆಯ ಕೂದಲಿರುತ್ತದೆ. ಬಲೆಯ ಎಳೆಯನ್ನು ಅದು ಮೈಯಿಂದ ದೂರ ಹಿಡಿಯುತ್ತದೆ, ಹಾಗಾಗಿ ಒಳಗೆ ಸರಾಗವಾಗಿ ಓಡಾಡಿ ಅಲ್ಲೇ ಮೊಟ್ಟೆ ಇಡುತ್ತವೆ. ಸರ್ವಭಕ್ಷಕದ ಕೂದಲು ಮೋಟು, ಬಲೆಗೆ ಸಿಕ್ಕಿ ಒದ್ದಾಡುತ್ತದೆ. ಅಂದರೆ ಬಲೆ ಇರುವವರೆಗೆ ಒಳಗಿನ ಮರಿಗಳು ಕ್ಷೇಮ. ಇದನ್ನು ಬಳಸಿಕೊಳ್ಳಿ. ಕೆಂಪು ನುಸಿ ತಿನ್ನುವ ಜಾತಿಯನ್ನು ಬಲೆ ಕಟ್ಟಿದ ಎಲೆಗಳ ಮೇಲೆ ಮಾತ್ರ ಮೊದಲು ಬಿಡಿ. ಎರಡು ವಾರ ಬಿಟ್ಟು, ಸರ್ವಭಕ್ಷಕವನ್ನು ಆ ಜಾಗ ತಪ್ಪಿಸಿ ಉಳಿದ ಸಾಲುಗಳಲ್ಲಿ, ಹೂವು ಬಿಡಲು ಶುರುವಾದ ಗಿಡಗಳಲ್ಲಿ ಬಿಡಿ. ದೊಣ್ಣೆ ಮೆಣಸಿನ ಹೂವಿನ ಪರಾಗವೇ ಅದಕ್ಕೆ ಊಟ. ಎಲೆಯ ಹಿಂಬದಿ ನರ ಕವಲೊಡೆಯುವಲ್ಲಿ ಇರುವ ಕೂದಲಿನ ಗೂಡು ಅದಕ್ಕೆ ಮನೆ. ಸೌತೆಯಲ್ಲಿ ಈ ಅನುಕೂಲವಿಲ್ಲ. ಪಾಲಿಹೌಸ್ ಸೌತೆ ತಳಿಗಳಲ್ಲಿ ಗಂಡು ಹೂವು ಇಲ್ಲದಷ್ಟು ಕಡಿಮೆ, ಪರಾಗವೂ ಇಲ್ಲ.

ಪರಾಗ ಹೊರಗಿನಿಂದ ಕೊಡಬೇಕಾದರೆ ನಮ್ಮ ಬದುಗಳ ಮೇಲಿನ ಔಡಲಕ್ಕಿಂತ ಒಳ್ಳೆಯದು ಹುಡುಕಬೇಕಿಲ್ಲ. ಔಡಲದ ತೆನೆಯಲ್ಲಿ ಕೆಳಭಾಗದ್ದು ಗಂಡು ಹೂವು. ಅರಳುವ ಹಂತದ್ದನ್ನು ಬೆಳಗ್ಗೆ ಕೊಯ್ದು ಕಾಗದದ ಮೇಲೆ ನೆರಳಲ್ಲಿ ಹರಡಿದರೆ ಹಳದಿ ಪುಡಿ ಉದುರುತ್ತದೆ. ಸಣ್ಣ ಜರಡಿಯಲ್ಲಿ ಸೋಸಿ, ಮೆತ್ತನೆಯ ಕುಂಚದಿಂದ ಮೇಲಿನ ಎಲೆಗಳ ಮೇಲೆ ಚಿಟಿಕೆಯಷ್ಟು ಉದುರಿಸಿ. ಹೆಚ್ಚು ಹಾಕಿದರೆ ಬೂಸು ಬರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಥ್ರಿಪ್ಸ್‌ಗೂ ಪರಾಗ ಇಷ್ಟ. ಥ್ರಿಪ್ಸ್ ಆಗಲೇ ಜೋರಾಗಿದ್ದರೆ ಪರಾಗ ಹಾಕಲೇಬೇಡಿ.

ತಿನ್ನುವವರು ಯಾರು, ತಿನ್ನಿಸಿಕೊಳ್ಳುವವರು ಯಾರು ಎಂಬುದು ವಯಸ್ಸಿನ ಮೇಲೆ ಅದಲುಬದಲಾಗುತ್ತದೆ ಎಂಬುದೂ ಇಲ್ಲಿ ಸೇರಿಕೊಂಡಿದೆ. ಇಂದು ‘ಎ’ ಜಾತಿಯ ದೊಡ್ಡದು ‘ಬಿ’ ಜಾತಿಯ ಮರಿ ತಿನ್ನುತ್ತದೆ. ತಪ್ಪಿಸಿಕೊಂಡ ಮರಿ ನಾಳೆ ದೊಡ್ಡದಾಗಿ ‘ಎ’ ಮರಿಗಳನ್ನು ತಿನ್ನುತ್ತದೆ. ಜಪಾನ್ ಮತ್ತು ನೆದರ್ಲೆಂಡ್ಸ್‌ನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇನ್ನೂ ಸ್ವಾರಸ್ಯದ ಸಂಗತಿ ಇತ್ತು. ಮರಿಯಾಗಿದ್ದಾಗ ಬೇರೆ ಜಾತಿಯ ಪರಭಕ್ಷಕದ ಕಾಟ ಕಂಡಿದ್ದ ನುಸಿ, ಬೆಳೆದ ಮೇಲೆ ಅದೇ ಜಾತಿಯ ಮರಿಗಳನ್ನು ಇತರ ನುಸಿಗಳಿಗಿಂತ ಬೇಗ ಬೇಗ ಕೊಂದಿತು. ಹಗೆ ಎಂಬ ಪದ ವಿಜ್ಞಾನಿಗಳು ಬಳಸುವುದಿಲ್ಲ, ನಮಗೆ ಬೇರೆ ಪದ ಹೊಳೆಯುತ್ತಿಲ್ಲ.

ಒಂದು ಎಚ್ಚರಿಕೆ. ವಿದೇಶಿ ಜಾತಿಯ ನುಸಿಯನ್ನು ಯಾರೋ ಹೊರದೇಶದಿಂದ ಬರುವಾಗ ತಂದುಕೊಡುತ್ತೇನೆ ಎಂದರೆ ಒಪ್ಪಬೇಡಿ. 2003ರ ಸಸ್ಯ ಸಂಗರೋಧ (ಕ್ವಾರಂಟೈನ್) ಆದೇಶದ ಪ್ರಕಾರ ಜೀವಂತ ಜೈವಿಕ ನಿಯಂತ್ರಕಗಳನ್ನು ಪರವಾನಗಿ ಇಲ್ಲದೆ ದೇಶಕ್ಕೆ ತರುವಂತಿಲ್ಲ.

ಪ್ರಶ್ನೆ: ಏಪ್ರಿಲ್‌ದಾಗ ಬದನಿ ತುಂಬ ಕೆಂಪು ನುಸಿ. ಬಯಲು ಹೊಲದಾಗ ಪರಭಕ್ಷಕ ನುಸಿ ಬಿಡಬಹುದೇನ್ರಿ?
— ಕಲಬುರಗಿ ತಾಲೂಕಿನ ಓದುಗರು

ಉತ್ತರ: ಬ್ಯಾಡ್ರಿ. ಏಪ್ರಿಲ್, ಮೇ ತಿಂಗಳ ಕಲಬುರಗಿ ಬಿಸಿಲು 40 ಡಿಗ್ರಿ ದಾಟಿ ನಿಂತಿರುತ್ತದೆ, ಗಾಳಿಯಲ್ಲಿ ತೇವ ಇರುವುದಿಲ್ಲ. ಪರ್ಸಿಮಿಲಿಸ್ 30 ಡಿಗ್ರಿ ದಾಟಿದರೆ ಮಂಕಾಗುತ್ತದೆ. ಗಾಳಿಯ ತೇವಾಂಶ ಶೇ 60ಕ್ಕಿಂತ ಕೆಳಗಿಳಿದಂತೆ ಅದರ ಮೊಟ್ಟೆ ಒಡೆಯದೆ ಒಣಗಿ ಮುದುಡುತ್ತದೆ. ಕೆಂಪು ನುಸಿಗೆ ಅದೇ ಬಿಸಿಲು ಸುಗ್ಗಿ. ಬಿಟ್ಟ ದೊಡ್ಡ ನುಸಿ ನಾಲ್ಕು ದಿನ ಬದುಕಿ ತಿಂದೀತು, ಅದರ ಸಂತಾನ ಮುಂದುವರಿಯುವುದಿಲ್ಲ. ಲಾಂಗಿಸ್ಪೈನೋಸಸ್ ಬಿಸಿಲಿಗೆ ಸ್ವಲ್ಪ ಗಟ್ಟಿ, ಆದರೂ ಬಯಲಿನ ಏಪ್ರಿಲ್‌ಗೆ ಅದರ ಮೇಲೂ ದುಡ್ಡು ಹಾಕುವಂತಿಲ್ಲ. ಬಿಡುವ ಕಾಲ ನವೆಂಬರ್‌ನಿಂದ ಫೆಬ್ರವರಿ.

ಸದ್ಯಕ್ಕೆ ಹೀಗೆ ಮಾಡಿ. ಕೆಳಗಿನ ಹಳದಿಯಾದ ಎಲೆಗಳನ್ನು ಕಿತ್ತು ಚೀಲಕ್ಕೆ ತುಂಬಿ ಸುಡಿ, ಸಾಲಿನಲ್ಲಿ ಬಿಸಾಡಬೇಡಿ. ಬೆಳಗ್ಗೆ ಬೇಗ ಪಂಪಿನಿಂದ ಬರೀ ನೀರನ್ನು ಎಲೆಯ ಹಿಂಬದಿಗೆ ಒತ್ತಿ ಹೊಡೆಯಿರಿ, ಬಲೆ ಹರಿದು ನುಸಿ ಉದುರುತ್ತದೆ. ನಾಲ್ಕು ದಿನಕ್ಕೊಮ್ಮೆ ಮೂರು ಸಲ. ಹೊಲದ ಅಂಚಿನಲ್ಲಿ ಮಣ್ಣಿನ ದಾರಿ ಇದ್ದರೆ ಆ ಬದಿಯ ಸಾಲುಗಳಲ್ಲೇ ನುಸಿ ಹೆಚ್ಚಿರುವುದನ್ನು ನೀವೇ ನೋಡಬಹುದು. ಧೂಳು ಕೂತ ಎಲೆಯಲ್ಲಿ ಪರಭಕ್ಷಕಗಳು ಸರಿಯಾಗಿ ಓಡಾಡಲಾರವು. ಟ್ರ್ಯಾಕ್ಟರ್ ಓಡಾಡುವ ದಿನ ದಾರಿಗೆ ನೀರು ಹೊಡೆಯುವುದು ಔಷಧಕ್ಕಿಂತ ಅಗ್ಗ. ಎಲೆಯ ಹಿಂದೆ ಸಾಸಿವೆಗಿಂತ ಚಿಕ್ಕ ಕಪ್ಪು ಗುಲಗಂಜಿ ಹುಳು ಕಂಡರೆ ಅದು ಸ್ಟೆತೋರಸ್, ಕೆಂಪು ನುಸಿಯನ್ನೇ ತಿಂದು ಬದುಕುವ ಜೀರುಂಡೆ. ಅದಿದ್ದ ಹೊಲಕ್ಕೆ ಸೈಪರ್‌ಮೆಥ್ರಿನ್ ಕೀಟನಾಶಕ ಹೊಡೆದರೆ ಇದ್ದ ಕಾವಲೂ ಹೋಗುತ್ತದೆ.

ನೆರಳು ಪರದೆಯ ಮನೆ ಇದ್ದು, ಮಧ್ಯಾಹ್ನ ಫಾಗರ್ (ಮಂಜಿನಂತೆ ನೀರು ಚಿಮ್ಮಿಸುವ ಸಾಧನ) ಓಡಿಸಲು ನೀರಿದ್ದರೆ ಮಾತು ಬೇರೆ. ತೇವಾಂಶ ಮಾಪಕವನ್ನು ಬಾಗಿಲ ಬಳಿ ತೂಗಬೇಡಿ, ಎಲೆಯ ಎತ್ತರಕ್ಕೆ, ಸಾಲಿನ ನಡುವೆ ತೂಗಿ. ಮಧ್ಯಾಹ್ನ ಎರಡಕ್ಕೆ 60 ತೋರಿದರೆ ಬಿಡಬಹುದು, ಅದೂ ಸಂಜೆ ಐದೂವರೆ ಮೇಲೆ.

ಪ್ರಶ್ನೆ: ಮೆಣಸಿನಕಾಯಿಯಲ್ಲಿ ಥ್ರಿಪ್ಸ್ ಮರಿಗಳು ಪರಭಕ್ಷಕ ನುಸಿಯ ಮೊಟ್ಟೆಯನ್ನೇ ತಿನ್ನುತ್ತವೆಂದು ಕೇಳಿದೆವು. ಹಾಗಾದರೆ ಬಿಟ್ಟು ಏನು ಉಪಯೋಗ?
— ಶಹಾಪುರ ತಾಲೂಕಿನ ಓದುಗರು

ಉತ್ತರ: ಕೇಳಿದ್ದು ನಿಜ. ವೆಸ್ಟರ್ನ್ ಫ್ಲವರ್ ಥ್ರಿಪ್ಸ್ ಎಂಬ ಜಾತಿಯಲ್ಲಿ ಇದು ಚೆನ್ನಾಗಿ ದಾಖಲಾಗಿದೆ. ಪರಭಕ್ಷಕ ನುಸಿ ಹಿಡಿಯಬಲ್ಲದ್ದು ಥ್ರಿಪ್ಸ್‌ನ ಎಳೆಮರಿಯನ್ನು ಮಾತ್ರ. ಬಲಿತ ಮರಿ ಬಾಲ ಬೀಸಿ ಹೊಡೆಯುತ್ತದೆ, ಸಿಕ್ಕಿದರೆ ನುಸಿಯ ಮೊಟ್ಟೆ ಚುಚ್ಚಿ ಹೀರುತ್ತದೆ. ಹಾಗಾಗಿ ಥ್ರಿಪ್ಸ್ ತುಂಬಿಹೋದ ಮೇಲೆ ನುಸಿ ಬಿಡುವುದು ದಂಡ. ಬಿಡುವುದಾದರೆ ಮೊದಲೇ ಬಿಡಬೇಕು.

ಆದರೆ ಶಹಾಪುರ, ಸುರಪುರದ ಕಾಲುವೆ ನೀರಿನ ಎಕರೆಗಟ್ಟಲೆ ಮೆಣಸಿನಕಾಯಿಗೆ ಕೊಂಡು ತಂದ ನುಸಿ ಬಿಡುವುದು ಖರ್ಚಿಗೆ ಹೊಂದುವುದಿಲ್ಲ. ಅಲ್ಲಿ ಬೇಕಿರುವುದು ಇದ್ದದ್ದನ್ನು ಉಳಿಸಿಕೊಳ್ಳುವುದು. ಮುಟುರು (ಎಲೆ ಮುದುಡುವುದು) ಬಂತೆಂದು ಔಷಧ ಕೈಗೆತ್ತಿಕೊಳ್ಳುವ ಮುನ್ನ ಎಲೆ ನೋಡಿ. ಎಲೆ ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್. ಕೆಳಕ್ಕೆ ಮಡಚಿ, ತೊಟ್ಟು ಉದ್ದವಾಗಿ, ಕುಡಿ ಗಿಡ್ಡವಾಗಿದ್ದರೆ ಹಳದಿ ನುಸಿ. ಎರಡನೆಯದಕ್ಕೆ ನಮ್ಮ ಹೊಲಗಳಲ್ಲೇ ಯೂಸಿಯಸ್ ಓವಾಲಿಸ್ ಎಂಬ ಪರಭಕ್ಷಕ ನುಸಿ ಇರುತ್ತದೆ, ಪರಾಗವನ್ನೂ ತಿಂದು ಬದುಕುವಂಥದ್ದು. 2021ರಲ್ಲಿ ಕಪ್ಪು ಥ್ರಿಪ್ಸ್ ದಾಳಿಯಾದಾಗ ಎರಡು ಮೂರು ಔಷಧ ಬೆರೆಸಿ ವಾರಕ್ಕೆರಡು ಸಲ ಹೊಡೆದ ಹೊಲಗಳಲ್ಲಿ ಇಂಥವಕ್ಕೆ ಉಳಿಗಾಲವೇ ಇರಲಿಲ್ಲ. ಬದುವಿನ ಸುತ್ತ ಎರಡು ಸಾಲು ಮೆಕ್ಕೆಜೋಳ ಅಥವಾ ಜೋಳ ಹಾಕಿ, ಗಾಳಿಯಲ್ಲಿ ಬರುವ ಥ್ರಿಪ್ಸ್‌ಗೆ ತಡೆ, ಪರಭಕ್ಷಕಕ್ಕೆ ಪರಾಗ.

ಪ್ರಶ್ನೆ: ತೊಗರಿಯ ಗೊಡ್ಡು ರೋಗ ನುಸಿಯಿಂದಲೇ ಬರುವುದಾದರೆ ಪರಭಕ್ಷಕ ನುಸಿ ಬಿಟ್ಟು ತಡೆಯಬಹುದಲ್ಲವೇ?
— ಚಿತ್ತಾಪುರದ ಓದುಗರು

ಉತ್ತರ: ಆಗದು. ಆ ರೋಗದ ವೈರಸ್ ಸಾಗಿಸುವ ಅಸೇರಿಯಾ ಕಜಾನಿ ನುಸಿ ನಾಲ್ಕೇ ಕಾಲಿನ, ಹುಳದಾಕಾರದ, ಬರಿಗಣ್ಣಿಗೆ ಕಾಣದ ಜೀವ. ಗಾಳಿಯಲ್ಲಿ ತೇಲಿ ಬರುತ್ತದೆ, ಕೆಲವೇ ಕೂತರೂ ಗಿಡಕ್ಕೆ ರೋಗ ಅಂಟುತ್ತದೆ. ಪರಭಕ್ಷಕ ಹುಡುಕಿ ತಿನ್ನುವಷ್ಟರಲ್ಲಿ ಅಂಟುವುದು ಅಂಟಿರುತ್ತದೆ. ಬಿಎಸ್‌ಎಂಆರ್-736 ಅಥವಾ ಆಶಾದಂಥ ರೋಗ ತಡೆಯುವ ತಳಿ ಹಾಕಿ. ಹಿಂದಿನ ವರ್ಷದ ಕೂಳೆ ತೊಗರಿ, ಬದುವಿನಲ್ಲಿ ತಾನೇ ಹುಟ್ಟಿದ ಗಿಡ ಕಿತ್ತುಹಾಕಿ. ಹೂವಿಲ್ಲದೆ ಹಚ್ಚಗೆ ಪೊದೆಯಾದ ಗಿಡ ಕಂಡ ದಿನವೇ ಕೀಳಿ.

ಪ್ರಶ್ನೆ: ನಮ್ಮ ರೈತ ಗುಂಪಿನವರೇ ಪರಭಕ್ಷಕ ನುಸಿ ಬೆಳೆಸಿಕೊಳ್ಳಬೇಕೆಂದಿದ್ದೇವೆ. ಒಮ್ಮೆ ಮಾಡಿದಾಗ ಚೆನ್ನಾಗಿ ಹೆಚ್ಚಿ, ಒಂದು ವಾರದಲ್ಲಿ ಎಲ್ಲ ಮಾಯವಾದವು. ಎಲ್ಲಿ ತಪ್ಪಿತು?
— ಸೇಡಂ ತಾಲೂಕಿನ ಓದುಗರು

ಉತ್ತರ: ಕೊಯ್ಲು ತಡವಾಯಿತು, ತಪ್ಪು ಬಹುಶಃ ಅಷ್ಟೇ. ಊಟ ಮುಗಿದ ಟ್ರೇಯಲ್ಲಿ ಎರಡು ಮೂರು ದಿನ ಮರಿ ಮೊಟ್ಟೆ ತಿಂದು, ಆಮೇಲೆ ಉಳಿದವು ಎಲೆಯ ಅಂಚಿಗೂ ಕುಡಿಗೂ ಏರಿ ಗಾಳಿ ಹಿಡಿದು ಹೋಗುತ್ತವೆ. ಕುಡಿಯಲ್ಲಿ ನುಸಿ ಗುಂಪುಗೂಡಿದ್ದು ಕಂಡರೆ ಅಂದೇ ಕೊಯ್ಯಬೇಕು, ಮರುದಿನ ಅಂದರೆ ಹೋಯಿತು.

ಕ್ರಮ ಇಷ್ಟು. ಎರಡು ಕೋಣೆ ಬೇಕು, ಒಂದರಲ್ಲಿ ಕೆಂಪು ನುಸಿ, ಇನ್ನೊಂದರಲ್ಲಿ ಪರಭಕ್ಷಕ. ಒಂದೇ ಕೋಣೆಯಲ್ಲಿ ಪರದೆ ಕಟ್ಟಿ ಸಾಗಿಸುವ ಯೋಚನೆ ಬಿಡಿ, ಪರಭಕ್ಷಕ ಒಂದೇ ಒಂದು ಹೆಣ್ಣು ದಾಟಿದರೂ ನಿಮ್ಮ ಊಟದ ಗೋದಾಮು ಖಾಲಿ. ಪ್ರತಿದಿನ ಮೊದಲು ಕೆಂಪು ನುಸಿಯ ಕೋಣೆಗೆ, ಆಮೇಲೆ ಪರಭಕ್ಷಕದ ಕೋಣೆಗೆ ಹೋಗಿ. ವಾಪಸ್ ಹೋಗುವಂತಿಲ್ಲ, ಬಟ್ಟೆ ಬದಲಿಸದೆ.

ಬೀನ್ಸ್ ಬೀಜವನ್ನು ಟ್ರೇಯಲ್ಲಿ ವಾರಕ್ಕೊಂದರಂತೆ ಬಿತ್ತುತ್ತ ಹೋಗಿ. 10–12 ದಿನಕ್ಕೆ ಮೊದಲ ಜೋಡಿ ಎಲೆ ಅಗಲವಾದಾಗ ಕೆಂಪು ನುಸಿ ಹತ್ತಿದ ಎಲೆಯ ತುಂಡುಗಳನ್ನು ಅವುಗಳ ಮೇಲಿಡಿ. ಇನ್ನೊಂದು ವಾರ, ಹತ್ತು ದಿನಕ್ಕೆ ಎಲ್ಲ ವಯಸ್ಸಿನ ನುಸಿ, ಮೊಟ್ಟೆ ತುಂಬುತ್ತವೆ. ಆ ಟ್ರೇಯನ್ನು ಪರಭಕ್ಷಕದ ಕೋಣೆಗೆ ಒಯ್ದು, ಇಟ್ಟಿಗೆಯ ಮೇಲೆ ಇಟ್ಟು, ಇಟ್ಟಿಗೆಯನ್ನು ಸೋಪು ಕದಡಿದ ನೀರಿನ ತಟ್ಟೆಯಲ್ಲಿ ನಿಲ್ಲಿಸಿ. ಟ್ರೇ ಟ್ರೇಗೆ ತಾಗಬಾರದು, ಎಲೆಯೂ ಗೋಡೆಗೆ ತಾಗಬಾರದು. ಈಗ 20 ಕೆಂಪು ನುಸಿಗೆ ಒಂದು ಹೆಣ್ಣು ಪರಭಕ್ಷಕದ ಲೆಕ್ಕದಲ್ಲಿ ಬಿಡಿ. ಕೋಣೆ 26–28 ಡಿಗ್ರಿ, ತೇವಾಂಶ 70ರ ಆಸುಪಾಸು ಇದ್ದರೆ ಮೊಟ್ಟೆಯಿಂದ ಪ್ರಾಯಕ್ಕೆ ಐದು ದಿನ ಸಾಕು. ಎರಡು ವಾರದೊಳಗೆ ಕೊಯ್ಲು. ದಿನವೂ ಹತ್ತು ಎಲೆ ನೋಡಿ, ಕೆಂಪು ನುಸಿ ಎಲೆಗೆ ಎರಡು ಮೂರಕ್ಕಿಳಿದ ದಿನ ಕೊಯ್ದು, ಎಲೆಗಳನ್ನೇ ಕಾಗದದ ಚೀಲದಲ್ಲಿ ಹೊಲಕ್ಕೆ ಒಯ್ದು ನುಸಿ ಕಂಡ ಗಿಡಗಳ ಕವಲಿಗೆ ಸಿಕ್ಕಿಸಿ. ಪ್ಲಾಸ್ಟಿಕ್ ಚೀಲ ಬೇಡ, ಬೆವರುತ್ತದೆ. ಒಂದು ವಿಷಯ ನೆನಪಿರಲಿ: ಆ ಎಲೆಗಳ ಜತೆ ಉಳಿದ ಕೆಂಪು ನುಸಿಯೂ ಹೋಗುತ್ತದೆ. ನುಸಿಯೇ ಇಲ್ಲದ ಬೆಳೆಗೆ ಈ ಎಲೆ ಒಯ್ದರೆ ನೀವೇ ಪೀಡೆ ಬಿತ್ತಿದಂತೆ.

ತಾಯಿ ನುಸಿಗಳನ್ನು ಬೇರೆಯಾಗಿ ಕಾಪಾಡಲು ತಟ್ಟೆ ವಿಧಾನ ಬಳಸಿ. ಸ್ಟೀಲ್ ತಟ್ಟೆಯಲ್ಲಿ ಸ್ಪಂಜು, ಸ್ಪಂಜಿನ ಅರ್ಧ ಎತ್ತರಕ್ಕೆ ನೀರು, ಮೇಲೆ ಬೀನ್ಸ್ ಎಲೆ ಹಿಂಬದಿ ಮೇಲಾಗಿ, ಎಲೆಯ ಸುತ್ತ ಹಸಿ ಹತ್ತಿಯ ಅಂಚು. ನುಸಿ ಆ ಒದ್ದೆ ಅಂಚು ದಾಟುವುದಿಲ್ಲ, ಅಲ್ಲಿಂದಲೇ ನೀರೂ ಕುಡಿಯುತ್ತದೆ. ಎಲೆಗೆ ಹತ್ತು ಹೆಣ್ಣಿಗಿಂತ ಹೆಚ್ಚು ಬೇಡ, ದಿನ ಬಿಟ್ಟು ದಿನ ಕೆಂಪು ನುಸಿಯ ಎಲೆ ಕುಲುಕಿ ಊಟ ಹಾಕಿ. ಇಟ್ಟ ಮೊಟ್ಟೆಗಳನ್ನು ಒದ್ದೆ ಕುಂಚದ ತುದಿಯಿಂದ ಎತ್ತಿ ಬೇರೆ ಎಲೆಗೆ ಸಾಗಿಸಿದರೆ ತಾಯಂದಿರ ಬಾಯಿಗೆ ಬೀಳುವುದು ತಪ್ಪುತ್ತದೆ. ಸಣ್ಣ ಕೆಲಸ, ಆದರೆ ಸಂಖ್ಯೆ ಉಳಿಯುವುದು ಇಲ್ಲೇ.

ಕೆಲಸ ಶುರುಮಾಡುವ ಮುನ್ನ ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯದಲ್ಲೋ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೀಟಶಾಸ್ತ್ರದವರಿಗೆ ನಿಮ್ಮ ನುಸಿಯನ್ನು ಸ್ಪಿರಿಟ್ ತುಂಬಿದ ಸೀಸೆಯಲ್ಲಿ ತೋರಿಸಿ ಜಾತಿ ಖಚಿತ ಮಾಡಿಕೊಳ್ಳಿ. ಹಿಡಿದು ತಂದದ್ದು ಯಾವ ಜಾತಿ ಎಂದು ತಿಳಿಯದೆ ಬೆಳೆಸಿದರೆ ಕೆಂಪು ನುಸಿ ತಿನ್ನದ ಜಾತಿಗೂ ಬೀನ್ಸ್ ಬಿತ್ತಿದಂತಾಗಬಹುದು.

ಪ್ರಶ್ನೆ: ಪರಭಕ್ಷಕ ನುಸಿ ಮನುಷ್ಯರನ್ನು ಕಚ್ಚುತ್ತದೆಯೇ? ಟೊಮೆಟೊಗೆ ಬಿಡಬಹುದೇ?
— ಯಾದಗಿರಿಯ ಓದುಗರು

ಉತ್ತರ: ಮನುಷ್ಯರನ್ನು ಕಚ್ಚುವುದಿಲ್ಲ. ಟೊಮೆಟೊ ಇವುಗಳಲ್ಲಿ ಹೆಚ್ಚಿನವಕ್ಕೆ ಆಗಿಬರುವುದಿಲ್ಲ. ಕಾಂಡ, ಎಲೆಯ ಮೇಲಿನ ಅಂಟುಕೂದಲಿಗೆ ಸಿಕ್ಕಿ ಸಾಯುತ್ತವೆ.

ಪ್ರಶ್ನೆ: ನುಸಿ ಬಿಟ್ಟ ಹತ್ತನೇ ದಿನಕ್ಕೆ ದೊಣ್ಣೆ ಮೆಣಸಿನಲ್ಲಿ ಬೂದಿ ರೋಗ ಬಂತು. ಗಂಧಕ ಹೊಡೆಯಬಹುದೇ?
— ಬಸವಕಲ್ಯಾಣದ ಓದುಗರು

ಉತ್ತರ: ಇಡೀ ಪಾಲಿಹೌಸ್‌ಗೆ ಹೊಡೆಯಬೇಡಿ. ಗಂಧಕ ಅನೇಕ ಪರಭಕ್ಷಕ ನುಸಿಗಳಿಗೆ ವಿಷ, ಬಿಟ್ಟ ದುಡ್ಡು ಪೂರ್ತಿ ಹೋಗುತ್ತದೆ. ರೋಗದ ಎಲೆ ಕಿತ್ತು, ಹತ್ತಿದ ಸಾಲಿಗಷ್ಟೇ ಉಪಚಾರ ಮಾಡಿ. ಮುಂದಿನ ಬೆಳೆಗೆ ಗಂಧಕ ಬೇಕೆನಿಸಿದರೆ ನುಸಿ ಬಿಡುವ ಎರಡು ವಾರ ಮೊದಲೇ ಮುಗಿಸಿ. ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್ ಹೊಡೆದ ಪಾಲಿಹೌಸ್‌ಗೆ ಎರಡು ತಿಂಗಳವರೆಗೂ ನುಸಿ ಬಿಡಬೇಡಿ, ಎಲೆಯ ಮೇಲಿನ ಶೇಷವೇ ಕೊಲ್ಲುತ್ತದೆ. ಕೆಂಪು ನುಸಿ ಕೈಮೀರಿ ಔಷಧ ಹೊಡೆಯಲೇಬೇಕಾದರೆ ಬೈಫೆನಜೇಟ್ ಇವಕ್ಕೆ ಹೋಲಿಕೆಯಲ್ಲಿ ಸೌಮ್ಯ, ಡಬ್ಬಿಯ ಚೀಟಿಯಲ್ಲಿ ನಿಮ್ಮ ಬೆಳೆಯ ಹೆಸರು ಇದ್ದರೆ ಮಾತ್ರ. ಬೇವಿನೆಣ್ಣೆ ಮೈಮೇಲೆ ಬಿದ್ದ ನುಸಿಯನ್ನು ಕೊಲ್ಲುತ್ತದೆ, ಒಣಗಿದ ಮೇಲೆ ತೊಂದರೆ ಕಡಿಮೆ. ಪಂಪು ಹಿಂದಿನ ದಿನ ಯಾವ ಔಷಧಕ್ಕೆ ಬಳಸಿದ್ದು ಎಂದು ಕೂಲಿಯವರನ್ನು ಕೇಳಿ, ಸೋಡಾ ಹಾಕಿ ತೊಳೆಸಿಯೇ ಒಳಗೆ ಬಿಡಿ.